ಯಾರ ಎಂಗೇಜ್‌ಮೆಂಟು, ಕಾಕಾ?

ಕಬ್ಬಿನ ಸುಗ್ಗಿ ಶುರುವಾಗಿತ್ತು. ನಮ್ಮೂರು ಪಾಲಬಾವಿಯ ರಸ್ತೆಯ ಮೇಲೆ ರಾತ್ರಿಯೆಲ್ಲ ಟ್ರ್ಯಾಕ್ಟರ್‌ಗಳು ಎರಡೆರಡು ಟ್ರೇಲರ್ ಎಳೆದುಕೊಂಡು, ಹಾಡು ಹಚ್ಚಿಕೊಂಡು ಫ್ಯಾಕ್ಟರಿಯ ಕಡೆ ಹೋಗುತ್ತಿದ್ದವು. ನಾನು ಊರಿಗೆ ಬಂದು ಎರಡು ದಿನವಾಗಿತ್ತು. ರಜೆಯೇನೋ ಹೌದು, ಆದರೆ ಕಂಪ್ಯೂಟರ್ ಕೆಲಸದವರ ರಜೆಯಲ್ಲಿ ಲ್ಯಾಪ್‌ಟಾಪೂ ಬಸ್ಸು ಹತ್ತಿ ಊರಿಗೆ ಬಂದಿರುತ್ತದೆ. ಪಡಸಾಲೆಯಲ್ಲಿ ಕುಳಿತು ಫೋನಿನಲ್ಲಿ ಗೆಳೆಯನಿಗೆ, "ಎಂಗೇಜ್‌ಮೆಂಟ್ ಡೇಟಾ ಇನ್ನೂ ಬಂದಿಲ್ಲ, ನಾಳೆ ನೋಡೋಣ" ಎನ್ನುತ್ತಿದ್ದೆ. ಹೊಸ್ತಿಲ ಬಳಿ ಶೇಂಗಾ ಸುಲಿಯುತ್ತಿದ್ದ ಅಣ್ಣನ ಮಗಳು ತಲೆ ಎತ್ತಿದಳು.

"ಯಾರ ಎಂಗೇಜ್‌ಮೆಂಟು, ಕಾಕಾ? ನಮಗ ಹೇಳೇ ಇಲ್ಲಲಾ!"

ಅಡುಗೆಮನೆಯಿಂದ ನನ್ನ ಅವ್ವನೂ ಹೊರಗೆ ಬಂದಳು. ನಿಶ್ಚಯ ಕಾರ್ಯ ಎಂದರೆ ಆಕೆಗೆ ರೊಟ್ಟಿ ಹಂಚಿನ ಮೇಲಿದ್ದದ್ದೂ ಮರೆತುಹೋಗುತ್ತದೆ. ಇಬ್ಬರಿಗೂ ಸಮಾಧಾನ ಹೇಳುವ ಹೊತ್ತಿಗೆ ರೊಟ್ಟಿ ಕರಿಕಾಗಿತ್ತು. ಮದುವೆಗೂ ಇದಕ್ಕೂ ಸಂಬಂಧವಿಲ್ಲ ಎಂದು ತಿಳಿದು ಅವ್ವ ಒಳಗೆ ಹೋದಳು. ಏಳನೇ ತರಗತಿಯ ಹುಡುಗಿ ಮಾತ್ರ ಹೋಗಲಿಲ್ಲ.

"ಮತ್ತ ಅದ ಏನ?"

ಅದು ಏನೆಂದು ಹೇಳಲು ಅವಳ ಅಣ್ಣನ ವಿಡಿಯೊ ನೆರವಿಗೆ ಬಂತು. ಜಾತ್ರೆಯಲ್ಲಿ ನಡೆದ ತೆರಬಂಡಿ ಸ್ಪರ್ಧೆಯನ್ನು ಅವನು ಫೋನಿನಲ್ಲಿ ಹಿಡಿದು ಯೂಟ್ಯೂಬಿಗೆ ಹಾಕಿದ್ದ. ತೆರಬಂಡಿ ನೋಡದ ಮಕ್ಕಳಿಗೆ ಒಂದು ಮಾತು: ಗಾಲಿ ತಿರುಗದ ಹಾಗೆ ಬಿಗಿದು, ಭಾರ ಹೇರಿದ ಬಂಡಿಯನ್ನು ಜೋಡೆತ್ತು ಗೊತ್ತುಮಾಡಿದ ಸಮಯದೊಳಗೆ ಎಷ್ಟು ದೂರ ಎಳೆಯುತ್ತವೆ ಎಂದು ಟೇಪು ಹಿಡಿದು ಅಳೆಯುವ ಪಂದ್ಯ ಅದು. ಅದನ್ನು ನೋಡಲು ನಿಂತ ಜನರನ್ನು ನೆನಪಿಸಿಕೊಳ್ಳಿ. ಕೆಲವರು ಸುಮ್ಮನೆ ನಿಂತು ನೋಡುತ್ತಾರೆ. ಕೆಲವರು ಸಿಳ್ಳೆ ಹೊಡೆಯುತ್ತಾರೆ. ಕೆಲವರು ಎತ್ತಿನ ಮಾಲೀಕನ ಹತ್ತಿರ ಹೋಗಿ, "ಬಲಗಡೆ ಎತ್ತ ಛಲೋ ಐತಿ ನೋಡಪಾ" ಎಂದು ಅಭಿಪ್ರಾಯ ಹೇಳುತ್ತಾರೆ. ಇನ್ನು ಕೆಲವರು ಅಲ್ಲಿಂದ ಹಾರೂಗೇರಿಗೋ ಮುಗಳಖೋಡಕ್ಕೋ ಹೋಗಿ ಅಲ್ಲಿಯವರಿಗೂ ಸುದ್ದಿ ಮುಟ್ಟಿಸುತ್ತಾರೆ. ಸುಮ್ಮನೆ ನಿಂತವರದು ಫೋನಿನ ಭಾಷೆಯಲ್ಲಿ ‘ವ್ಯೂ’. ಸಿಳ್ಳೆ ಎಂದರೆ ಲೈಕ್, ಅಭಿಪ್ರಾಯ ಎಂದರೆ ಕಮೆಂಟ್, ಸುದ್ದಿ ಮುಟ್ಟಿಸುವುದು ಶೇರ್. ನೋಡಿ ಸುಮ್ಮನೆ ಹೋಗದೆ ಏನಾದರೊಂದು ಮಾಡುವುದಿದೆಯಲ್ಲ, ಅದೆಲ್ಲ ಸೇರಿ ‘ಎಂಗೇಜ್‌ಮೆಂಟ್’. ನಮ್ಮ ಅವ್ವ ಆ ವಿಡಿಯೊ ಹತ್ತು ಸಲ ನೋಡಿದ್ದಾಳೆ, ಒಂದು ಲೈಕೂ ಒತ್ತಿಲ್ಲ. ಲೆಕ್ಕದ ಪ್ರಕಾರ ಆಕೆಯ ಎಂಗೇಜ್‌ಮೆಂಟ್ ಸೊನ್ನೆ. ಆದರೆ ಎತ್ತುಗಳ ಕೊಂಬಿಗೆ ಕಟ್ಟಿದ ಗೊಂಡೆಯ ಬಣ್ಣ ಯಾವುದು ಎಂದು ಕೇಳಿದರೆ ಥಟ್ಟನೆ ಹೇಳುವವಳು ಆಕೆಯೊಬ್ಬಳೇ.

ವಿಡಿಯೊದ ಕೆಳಗೆ ‘1.2ಸಾ ವೀಕ್ಷಣೆಗಳು’ ಎಂದು ಇತ್ತು. ಸಾ ಎಂದರೆ ಸಾವಿರ. ದೊಡ್ಡ ವಿಡಿಯೊಗಳ ಕೆಳಗೆ ‘ಮಿ’ ಎಂದಿರುತ್ತದೆ, ಅದು ಮಿಲಿಯನ್, ಅಂದರೆ ಹತ್ತು ಲಕ್ಷ. ಲಕ್ಷ, ಕೋಟಿ ಎಂದು ಎಣಿಸುವ ನಮ್ಮ ಜನಕ್ಕೆ ಈ ‘ಮಿ’ ಯಾಕೆ ಬೇಕಿತ್ತೋ, ಅದನ್ನು ಕಂಡಾಗಲೆಲ್ಲ ನನಗೆ ಸ್ವಲ್ಪ ಸಿಟ್ಟೇ.

"1.2 ಸಾವಿರ ಅಂದ್ರ 1,200 ಹೌದಲಾ?" ಎಂದಳು.

ಇರಬಹುದು. 1,201 ಇರಬಹುದು, 1,299 ಕೂಡ ಇರಬಹುದು. ತೆರೆಯ ಮೇಲೆ ಜಾಗ ಸಣ್ಣದೆಂದು ಫೋನು ಬಾಲ ಕತ್ತರಿಸಿ ತೋರಿಸುತ್ತದೆ. ಕತ್ತರಿಸದ ಸಂಖ್ಯೆ ಬೇಕಾದರೆ ಹಿಂಬಾಗಿಲಿಗೆ ಹೋಗಿ ಕೇಳಬೇಕು. ಹಿಂಬಾಗಿಲು ಎಂದರೆ ಕದ್ದು ಹೋಗುವ ದಾರಿ ಎಂದುಕೊಳ್ಳಬೇಡಿ. ಕಂಪನಿಯವರೇ ಇಟ್ಟ, ಚೀಟಿ ಕೊಟ್ಟು ಮಾಹಿತಿ ಪಡೆಯುವ ಕಿಟಕಿ ಅದು. ಅದರ ಹೆಸರು ಎಪಿಐ. ಬಿಡಿಸಿದರೆ ಅಪ್ಲಿಕೇಶನ್ ಪ್ರೋಗ್ರಾಮಿಂಗ್ ಇಂಟರ್‌ಫೇಸ್. ಒಂದು ಪ್ರೋಗ್ರಾಮು ಇನ್ನೊಂದು ಪ್ರೋಗ್ರಾಮನ್ನು ಮಾತನಾಡಿಸುವ ಜಾಗ.

ಎಪಿಐ ಹೇಳಿಕೊಡುವವರು ಸಾಮಾನ್ಯವಾಗಿ ಹೋಟೆಲಿನ ಮಾಣಿಯ ಉದಾಹರಣೆ ಕೊಡುತ್ತಾರೆ: ನೀವು ಮಾಣಿಗೆ ಹೇಳುತ್ತೀರಿ, ಅವನು ಅಡುಗೆಮನೆಗೆ ಹೇಳುತ್ತಾನೆ. ನನಗೆ ಅದು ಅಷ್ಟು ಹಿಡಿಸುವುದಿಲ್ಲ. ಮಾಣಿಗೆ "ಏನರ ಬಿಸಿ ಬಿಸಿ ತಗೊಂಡ ಬಾರಪಾ" ಎಂದರೂ ನಡೆಯುತ್ತದೆ. ಎಪಿಐಗೆ ಹಾಗೆಂದರೆ ಏನೂ ಬರುವುದಿಲ್ಲ. ಅದಕ್ಕಿಂತ ಹಾಲಿನ ಡೇರಿ ಒಳ್ಳೆಯ ಉದಾಹರಣೆ. ಹಳಗನ್ನಡದಲ್ಲಿ ಪಾಲ್ ಎಂದರೆ ಹಾಲು. ಪಾಲಬಾವಿಯ ಮಕ್ಕಳಿಗೆ ಡೇರಿಯ ಉದಾಹರಣೆ ಕೊಡದೆ ಇನ್ನೇನು ಕೊಡಲಿ?

ಬೆಳಿಗ್ಗೆ ಡೇರಿಯ ಮುಂದೆ ಕ್ಯಾನು ಹಿಡಿದು ನಿಂತವರನ್ನು ನೀವು ನೋಡಿದ್ದೀರಿ. ಪ್ರತಿ ಮನೆಗೂ ಒಂದು ನಂಬರ್ ಇದೆ. ಹಾಲು ಸುರಿದ ಕೂಡಲೇ ಯಂತ್ರ ತೂಗುತ್ತದೆ, ಫ್ಯಾಟು ನೋಡುತ್ತದೆ, ಸಣ್ಣ ಚೀಟಿ ಬರುತ್ತದೆ: ನಂಬರ್ ಇಷ್ಟು, ಎಮ್ಮೆಯದೋ ಆಕಳದೋ, ಲೀಟರ್ ಇಷ್ಟು, ಫ್ಯಾಟ್ ಇಷ್ಟು, ದರ ಇಷ್ಟು. ಒಳಗಿನ ಕಂಪ್ಯೂಟರಿನಲ್ಲಿ ಊರಿನ ಎಲ್ಲ ಮನೆಗಳ ಎಲ್ಲ ದಿನಗಳ ಲೆಕ್ಕ ಕೂತಿರುತ್ತದೆ. ಆದರೆ ಯಾರೂ ಒಳಗೆ ನುಗ್ಗಿ ಕಂಪ್ಯೂಟರ್ ಮುಟ್ಟುವುದಿಲ್ಲ. ಕಿಟಕಿಯಲ್ಲಿ ನಿಂತು, "ಇಂಥಾ ನಂಬರು, ಕಳೆದ ಹತ್ತು ದಿನದ ಲೆಕ್ಕ" ಎಂದು ಕೇಳುತ್ತಾರೆ. ಕೇಳಿದಷ್ಟು ಬರುತ್ತದೆ. ಹತ್ತು ದಿನ ಎಂದರೆ ಹತ್ತು ದಿನದ್ದೇ, ಹನ್ನೊಂದನೆಯದಿಲ್ಲ.

"ಹಂಗಾದ್ರ ಅಣ್ಣನ ವಿಡಿಯೊದ ನಂಬರ್ ಏನು?"

ಅದು ಕೇಳಬೇಕಾದ ಪ್ರಶ್ನೆಯೇ. ಯೂಟ್ಯೂಬಿನ ಪ್ರತಿ ವಿಡಿಯೊಗೂ 11 ಚಿಹ್ನೆಗಳ ಗುರುತು ಇದೆ. ಇಂಗ್ಲಿಷಿನ 26 ದೊಡ್ಡಕ್ಷರ, 26 ಸಣ್ಣಕ್ಷರ, 10 ಅಂಕಿ, ಜೊತೆಗೆ ಒಂದು ಅಡ್ಡಗೆರೆ, ಒಂದು ಕೆಳಗೆರೆ. ಕೂಡಿದರೆ 64 ಚಿಹ್ನೆ. ಅವುಗಳಿಂದ 11 ಆರಿಸಿ ಸಾಲಾಗಿ ಜೋಡಿಸುತ್ತಾರೆ. ಹೀಗೆ ಎಷ್ಟು ಬಗೆಯಲ್ಲಿ ಜೋಡಿಸಬಹುದು ಎಂದು ಲೆಕ್ಕ ಹಾಕಿದರೆ 20 ಅಂಕಿಗಳ ಸಂಖ್ಯೆ ಬರುತ್ತದೆ. 2005ರ ಏಪ್ರಿಲ್ 23ರಂದು ಮೃಗಾಲಯದ ಆನೆಗಳ ಮುಂದೆ ನಿಂತ ಒಬ್ಬ ಹುಡುಗನ 19 ಸೆಕೆಂಡಿನ ವಿಡಿಯೊ ಯೂಟ್ಯೂಬಿನ ಮೊದಲನೆಯದಾಗಿ ಬಂತಲ್ಲ, ಅದಕ್ಕೂ 11 ಚಿಹ್ನೆಯ ಗುರುತೇ, ನಮ್ಮ ತೆರಬಂಡಿಗೂ ಅಷ್ಟೇ.

ಕಿಟಕಿಗೆ ಕೊಡುವ ಚೀಟಿಯಲ್ಲಿ ನಾಲ್ಕು ಸಂಗತಿ ಬೇಕು. ಯಾವ ಕಿಟಕಿ, ಯಾವ ವಿಡಿಯೊ, ಅದರ ಯಾವ ಭಾಗ, ಕೇಳುತ್ತಿರುವವರು ಯಾರು. ಭಾಗ ಎಂದೆ, ಯೂಟ್ಯೂಬಿನ ಕಿಟಕಿಯಲ್ಲಿ ಹೆಸರು-ವಿವರಣೆ ಒಂದು ಭಾಗ, ಎಣಿಕೆಗಳು ಇನ್ನೊಂದು ಭಾಗ, ವಿಡಿಯೊದ ಉದ್ದ ಮತ್ತೊಂದು. ಬೇಕಾದದ್ದನ್ನು ಹೆಸರಿಟ್ಟು ಕೇಳಬೇಕು. ಕೇಳುವವರು ಯಾರು ಎನ್ನುವುದಕ್ಕೆ ಒಂದು ಉದ್ದನೆಯ ಗುಟ್ಟಿನ ಸಾಲು ಇರುತ್ತದೆ, ಅದಕ್ಕೆ ‘ಕೀ’ ಎನ್ನುತ್ತಾರೆ, ಕೀಲಿಕೈ. ನನ್ನ ಕೀ ನನ್ನ ಹತ್ತಿರ. ಅದನ್ನು ಇವಳಿಗೆ ತೋರಿಸಲಿಲ್ಲ, ಇಲ್ಲಿ ಬರೆಯುವುದೂ ಇಲ್ಲ.

ಇವೆಲ್ಲ ಸೇರಿ ಒಂದೇ ಸಾಲಿನ ವಿಳಾಸವಾಗುತ್ತದೆ. ಬ್ರೌಸರಿನಲ್ಲಿ ನೀವು ಟೈಪು ಮಾಡುವ ವಿಳಾಸದಂತೆಯೇ, ಸ್ವಲ್ಪ ಉದ್ದ. ಎಂಟರ್ ಒತ್ತಿದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಉತ್ತರ ಬಂತು. ಬಣ್ಣವಿಲ್ಲ, ಚಿತ್ರವಿಲ್ಲ, ಬರೀ ಅಕ್ಷರ. ಸುತ್ತಲೂ ನೀವು ಗಣಿತದಲ್ಲಿ ಬಳಸುವ ಪುಷ್ಪಾವರಣಗಳು. ಒಂದು ಪುಷ್ಪಾವರಣದೊಳಗೆ ಇನ್ನೊಂದು, ಅದರೊಳಗೆ ಮತ್ತೊಂದು, ಬುತ್ತಿ ಡಬ್ಬಿಯೊಳಗೆ ಪಲ್ಯದ ಸಣ್ಣ ಡಬ್ಬಿ ಇದ್ದ ಹಾಗೆ. ಹೀಗೆ ಬರೆಯುವ ಪದ್ಧತಿಗೆ ‘ಜೇಸನ್’ ಎಂದು ಹೆಸರು. ಒಳಗಿನ ಡಬ್ಬಿ ತೆರೆದು ಓದಿದೆವು: ವ್ಯೂ 1,204. ಲೈಕ್ 86. ಕಮೆಂಟ್ 17.

"1,204!" ಎಂದು ಕೂಗಿದಳು. ತೆರೆ ಮುಚ್ಚಿಟ್ಟಿದ್ದ ಆ ನಾಲ್ಕು ಜನರನ್ನು ಹಿಡಿದ ಸಂತೋಷ ಅದು. ಆಮೇಲೆ ಲೆಕ್ಕ ಮಾಡಿದಳು: 86ನ್ನು 1,204ರಿಂದ ಭಾಗಿಸಿ ನೂರರಿಂದ ಗುಣಿಸಿದರೆ ಏಳಕ್ಕಿಂತ ತುಸು ಹೆಚ್ಚು. ಅಂದರೆ ನೂರು ಸಲ ನೋಡಿದಾಗ ಏಳು ಸಿಳ್ಳೆ. ಬೇರೆ ಯಾವುದೋ ವಿಡಿಯೊಗೆ 40,000 ವ್ಯೂ, 400 ಲೈಕ್ ಇದೆ ಎಂದಿಟ್ಟುಕೊಳ್ಳಿ. ಜನ ಅಲ್ಲಿ ಹೆಚ್ಚು, ಸಿಳ್ಳೆ ನೂರಕ್ಕೆ ಒಂದೇ. ನಮ್ಮ ಆಫೀಸಿನಲ್ಲಿ ದೊಡ್ಡ ದೊಡ್ಡ ಮೀಟಿಂಗು ಮಾಡಿ ನೋಡುವುದು ಈ ಏಳನೇ ತರಗತಿಯ ಭಾಗಾಕಾರವನ್ನೇ.

ಹೆಸರಿನ ಡಬ್ಬಿಯಲ್ಲಿ ಒಂದು ತಮಾಷೆ ಇತ್ತು. ವಿಡಿಯೊ ಹಾಕಿದ ಸಮಯ ಮಧ್ಯಾಹ್ನ 3:30 ಎಂದು ಬರೆದಿತ್ತು.

"ಸುಳ್ಳ! ಅವತ್ತ ಮೂರೂವರಿಗೆ ಅಣ್ಣ ಸಾಲ್ಯಾಗಿದ್ದ. ರಾತ್ರಿ ಊಟ ಆದ ಮ್ಯಾಲ ಹಾಕ್ಯಾನ, ಒಂಬತ್ತಕ್ಕ."

ಅವಳೂ ಸರಿ, ಡಬ್ಬಿಯೂ ಸರಿ. ಸಮಯದ ಕೊನೆಗೆ ‘ಝಡ್’ ಎಂಬ ಒಂದು ಇಂಗ್ಲಿಷ್ ಅಕ್ಷರ ಇತ್ತು. ಇದು ಇಡೀ ಜಗತ್ತಿಗೆ ಒಂದೇ ಆಗಿರುವ ಗಡಿಯಾರದ ಸಮಯ ಎಂದು ಅದರ ಅರ್ಥ. ಇಂಗ್ಲೆಂಡಿನ ಗ್ರೀನಿಚ್ ರೇಖೆ ಅದರ ಸೊನ್ನೆ. ನಮ್ಮ ದೇಶದ ಗಡಿಯಾರ 82.5 ಡಿಗ್ರಿ ಪೂರ್ವ ರೇಖಾಂಶವನ್ನು ಅನುಸರಿಸುತ್ತದೆ. ಭೂಮಿ 15 ಡಿಗ್ರಿ ತಿರುಗಲು ಒಂದು ಗಂಟೆ ಬೇಕು. 82.5ನ್ನು 15ರಿಂದ ಭಾಗಿಸಿ ನೋಡಿ, ಐದೂವರೆ. ಮೂರೂವರೆಗೆ ಐದೂವರೆ ಕೂಡಿಸಿದರೆ ರಾತ್ರಿ ಒಂಬತ್ತು. ಜಗತ್ತಿನ ಮೂಲೆ ಮೂಲೆಯಿಂದ ವಿಡಿಯೊ ಬರುವ ಕಡೆ ಪ್ರತಿಯೊಬ್ಬರ ಊರ ಗಡಿಯಾರ ನೋಡುತ್ತ ಕೂತರೆ ಲೆಕ್ಕ ಕೆಡುತ್ತದೆ. ಅದಕ್ಕೇ ಈ ಉಪಾಯ.

ಇನ್ನೊಂದು ತಮಾಷೆ ಊರಿನ ಹೆಸರಿನದು. ಕಂಪ್ಯೂಟರಿಗೆ ಅಕ್ಷರ ಗೊತ್ತಿಲ್ಲ, ಸಂಖ್ಯೆ ಮಾತ್ರ ಗೊತ್ತು. ಹಾಗಾಗಿ ಯುನಿಕೋಡ್ ಎಂಬ ಜಗತ್ತಿನ ಪಟ್ಟಿಯಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ, ಪ್ರತಿ ಕಾಗುಣಿತದ ಗುರುತಿಗೂ ಒಂದೊಂದು ಸಂಖ್ಯೆ ಕೊಟ್ಟಿದ್ದಾರೆ. ‘ಪಾಲಬಾವಿ’ ಎಂದು ನಾವು ನಾಲ್ಕು ಅಕ್ಷರ ಬರೆದರೆ ಅದು ಕಂಪ್ಯೂಟರಿಗೆ ಏಳು ಸಂಖ್ಯೆ: 3242, 3262, 3250, 3244, 3262, 3253, 3263. ಇದರಲ್ಲಿ 3262 ಎರಡು ಸಲ ಬಂದಿದೆ. ಅದು ಯಾವುದರ ಗುರುತು? ಅವಳು ಪೆನ್ಸಿಲ್ಲಿನಿಂದ ಒಂದೊಂದೇ ಹೊಂದಿಸಿ ನೋಡಿ, "ಪಾ-ದಾಗೂ ಬಾ-ದಾಗೂ ಇರೋ ದೀರ್ಘ!" ಎಂದಳು. 3250 ಒಂಟಿಯಾಗಿ ನಿಂತಿದೆ, ಅದು ಬರೀ ಲ. ಹಾಗಾದರೆ ‘ಬಾಲ’ ಎಂಬ ಪದಕ್ಕೆ ಯಾವ ಸಂಖ್ಯೆಗಳು ಎಂದು ನೀವೇ ಬರೆಯಬಲ್ಲಿರಿ. ಬೇಕಾದ ಮೂರೂ ಮೇಲೆಯೇ ಇವೆ.

ನಂತರ ಅವಳ ಕೈಗೇ ಕೀಬೋರ್ಡ್ ಕೊಟ್ಟೆ. ಗುರುತಿನ 11 ಚಿಹ್ನೆ ನೋಡಿ ನೋಡಿ ಟೈಪು ಮಾಡಿದಳು. ಒಂದು ದೊಡ್ಡಕ್ಷರ ಇರಬೇಕಾದಲ್ಲಿ ಸಣ್ಣಕ್ಷರ ಬಿತ್ತು. ಉತ್ತರ ಬಂತು, ಆದರೆ ಡಬ್ಬಿ ಖಾಲಿ. ಕಿಟಕಿ ಬೈಯಲಿಲ್ಲ, "ನಿನಗ ಬರೆಯಾಕ ಬರಂಗಿಲ್ಲೇನ" ಎನ್ನಲಿಲ್ಲ. ಆ ಗುರುತಿನ ವಿಡಿಯೊ ಒಂದೂ ಇಲ್ಲ ಎಂದು ಖಾಲಿ ಕ್ಯಾನು ತಿರುಗಿಸಿ ಕೊಟ್ಟಿತು, ಅಷ್ಟೇ. ಕೆಲವು ಕಿಟಕಿಗಳು ಸಂಖ್ಯೆಯಲ್ಲಿ ಮಾತನಾಡುತ್ತವೆ. 200 ಎಂದರೆ ಎಲ್ಲ ಸರಿ. 404 ಎಂದರೆ ನೀನು ಕೇಳಿದ್ದು ಇಲ್ಲಿಲ್ಲ. 429 ಎಂದರೆ ಬಹಳ ಸಲ ಕೇಳಿಬಿಟ್ಟೆ, ಸ್ವಲ್ಪ ತಡಿ.

ಖಾಲಿ ಡಬ್ಬಿ ಸರಿಮಾಡಿಕೊಂಡು ಮತ್ತೆ 1,204 ತರಿಸಿದ ಮೇಲೆ ನಾನು ಕಾಯುತ್ತಿದ್ದ ಪ್ರಶ್ನೆ ಬಂತು.

"ಲೈಕ್ ಒತ್ತಿದ 86 ಮಂದಿ ಯಾರ‍್ಯಾರ? ಅವರ ಹೆಸರ ಕೇಳು."

ಹೆಸರು ಕೊಡುವುದಿಲ್ಲ. ಡೇರಿಯಲ್ಲಿ ಪಕ್ಕದ ಮನೆಯ ಬಿಲ್ಲು ನಿಮಗೆ ಕೊಡುವುದಿಲ್ಲವಲ್ಲ, ಹಾಗೆ. ಈ ಕಿಟಕಿಯಲ್ಲಿ ಎಷ್ಟು ಎಂದು ಕೇಳಬಹುದು, ಯಾರು ಎಂದು ಕೇಳುವಂತಿಲ್ಲ. ಚಾನೆಲ್ಲಿನ ಒಡೆಯನಿಗೆ ಮಾತ್ರ ಸಿಗುವ ಒಳಗಿನ ಲೆಕ್ಕ ಒಂದಿದೆ: ಸರಾಸರಿ ಎಷ್ಟು ಹೊತ್ತು ನೋಡಿದರು, ಯಾವ ದೇಶದಿಂದ ನೋಡಿದರು. ಅದು ಬೇಕಾದರೆ ನನ್ನ ಕೀ ಸಾಲದು, ಅವಳ ಅಣ್ಣನೇ ತನ್ನ ಖಾತೆಯಿಂದ "ಹೂಂ, ಕೊಡ್ರಿ" ಎಂದು ಒಪ್ಪಿಗೆ ಒತ್ತಬೇಕು. ‘ಇಷ್ಟವಾಗಿಲ್ಲ’ ಎಂದು ಹೆಬ್ಬೆರಳು ಕೆಳಗೆ ಮಾಡಿದವರ ಸಂಖ್ಯೆ ಮೊದಲು ಎಲ್ಲರಿಗೂ ಸಿಗುತ್ತಿತ್ತು. 2021ರ ಡಿಸೆಂಬರ್ 13ರಿಂದ ಅದೂ ಒಡೆಯನಿಗೆ ಮಾತ್ರ.

ಕಿಟಕಿ ಇಷ್ಟು ಸಣ್ಣದು ಯಾಕೆ ಎಂದು ತಿಳಿಯಬೇಕಾದರೆ ಅದು ದೊಡ್ಡದಾಗಿ ತೆರೆದಿದ್ದ ಕಾಲದ ಒಂದು ಘಟನೆ ಕೇಳಿ. ಫೇಸ್‌ಬುಕ್ 2010ರಲ್ಲಿ ‘ಗ್ರಾಫ್ ಎಪಿಐ’ ಎಂಬ ಕಿಟಕಿ ತೆರೆಯಿತು. ಆಗಿನ ನಿಯಮದಲ್ಲಿ ಒಂದು ದೊಡ್ಡ ಸಂದಿ ಇತ್ತು. ನೀವು ಒಂದು ಆಪಿಗೆ ಒಪ್ಪಿಗೆ ಕೊಟ್ಟರೆ ಅದು ನಿಮ್ಮ ಮಾಹಿತಿಯ ಜೊತೆಗೆ ನಿಮ್ಮ ಗೆಳೆಯರ ಮಾಹಿತಿಯನ್ನೂ ಕೇಳಬಹುದಿತ್ತು. ಗೆಳೆಯರಿಗೆ ಗೊತ್ತೇ ಇಲ್ಲ! ನಿಮ್ಮ ಸ್ವಭಾವ ಎಂಥದು ಹೇಳುತ್ತೇವೆ ಎನ್ನುವ ಪ್ರಶ್ನೋತ್ತರದ ಆಪ್ ಒಂದು ಬಂತು. ಅದು ಕೂಡಿಹಾಕಿದ ಮಾಹಿತಿ ಕೇಂಬ್ರಿಜ್ ಅನಲಿಟಿಕಾ ಎಂಬ ಕಂಪನಿಯ ಕೈಗೆ ಹೋದದ್ದು 2018ರಲ್ಲಿ ಜಗತ್ತಿಗೆಲ್ಲ ಗೊತ್ತಾಯಿತು. 8 ಕೋಟಿ 70 ಲಕ್ಷ ಜನರ ಮಾಹಿತಿ ಹೋಗಿರಬಹುದು ಎಂದು ಫೇಸ್‌ಬುಕ್ಕೇ ಹೇಳಿತು. ಭಾರತದಲ್ಲಿ ಆ ಆಪ್ ಹಾಕಿಕೊಂಡವರು 335 ಜನ ಮಾತ್ರ. ಆದರೆ ಆಪ್ ಹಾಕಿಕೊಂಡ ಯಾರಿಗೋ ಗೆಳೆಯರಾಗಿದ್ದರು ಎಂಬ ಒಂದೇ ಕಾರಣಕ್ಕೆ ಪಟ್ಟಿಗೆ ಸೇರಿದ ಭಾರತೀಯರು 5,62,120.

ಈ ಎರಡು ಸಂಖ್ಯೆ ಕೇಳಿ ಅವಳು ಸುಲಿಯುತ್ತಿದ್ದ ಶೇಂಗಾ ಕೈಯಲ್ಲೇ ಹಿಡಿದುಕೊಂಡು ಕುಳಿತಳು. "ನಾ ಏನೂ ಮಾಡದ, ನನ್ನ ಗೆಳತಿ ಆಟ ಆಡಿದ್ದಕ್ಕ ನನ್ನ ಹೆಸರ ಹೋತು?" ಹೌದು, ಹಾಗೇ. ಇವಳಿಗೆ ಇನ್ನೂ 13 ತುಂಬಿಲ್ಲ, ಸ್ವಂತ ಖಾತೆಯಿಲ್ಲ, ನಾವು ನೋಡುತ್ತಿದ್ದದ್ದೆಲ್ಲ ಅಣ್ಣನ ಖಾತೆಯದು. ಆ ಹೊತ್ತಿಗೆ ಅವಳಿಗೆ ಖಾತೆಯಿಲ್ಲದ್ದರ ಬಗ್ಗೆ ಇದ್ದ ದುಃಖ ಸ್ವಲ್ಪ ಕಡಿಮೆಯಾದಂತೆ ಕಂಡಿತು.

ಎಣಿಸುವುದು ಸುಲಭ ಎಂದು ನೀವು ಅಂದುಕೊಂಡಿದ್ದರೆ ಎರಡು ಕತೆ ಹೇಳುತ್ತೇನೆ. ಮೊದಲನೆಯದು 301ರದು. ಹಿಂದೆ ಯೂಟ್ಯೂಬಿನಲ್ಲಿ ಹೊಸ ವಿಡಿಯೊ ಜನಪ್ರಿಯವಾದರೆ ಅದರ ವ್ಯೂ 301ಕ್ಕೆ ಬಂದು ಅಂಟಿಕೊಂಡು ನಿಲ್ಲುತ್ತಿತ್ತು. ಲಕ್ಷ ಜನ ನೋಡಿದರೂ 301! ಮೋಸದ ಎಣಿಕೆ ತಡೆಯುವುದು ಅದರ ಉದ್ದೇಶ. ಒಬ್ಬನೇ ಕೂತು ಯಂತ್ರದಿಂದ ಸಾವಿರ ಸಲ ಒತ್ತಿಸಿರಬಹುದಲ್ಲ? ಮುನ್ನೂರರವರೆಗೆ ಹಾಗೇ ಬಿಟ್ಟು, ಆಮೇಲಿನದನ್ನು ಸೋಸಿ, ನಿಜವಾದ ಜನ ನೋಡಿದ್ದು ಎಂದು ಖಾತ್ರಿಯಾದ ಮೇಲೆ ಒಟ್ಟಿಗೆ ಸೇರಿಸುತ್ತಿದ್ದರು. ಹಾಗಾದರೆ 300 ಬಿಟ್ಟು 301 ಯಾಕೆ? ಪ್ರೋಗ್ರಾಮು ಬರೆದವರು ‘300ಕ್ಕಿಂತ ಕಡಿಮೆ’ ಎನ್ನುವ ಬದಲು ‘300 ಅಥವಾ ಅದಕ್ಕಿಂತ ಕಡಿಮೆ ಇರುವವರೆಗೆ ಒಂದು ಕೂಡಿಸು’ ಎಂದು ಬರೆದಿದ್ದರು. 300 ಆದಾಗಲೂ ಒಂದು ಕೂಡಿತು. ಅಷ್ಟೇ ತಪ್ಪು, ಜಗತ್ತಿನ ಕೋಟ್ಯಂತರ ಜನ ವರ್ಷಗಟ್ಟಲೆ 301 ನೋಡುತ್ತ ಕುಳಿತರು. 2015ರಲ್ಲಿ ಆ ಪದ್ಧತಿ ಹೋಯಿತು, ಸೋಸುವುದು ಮಾತ್ರ ಈಗಲೂ ಇದೆ.

ಎರಡನೆಯದು ಕೊರಿಯಾದ ‘ಗಂಗ್ನಮ್ ಸ್ಟೈಲ್’ ಹಾಡಿನದು. ಕುದುರೆ ಸವಾರಿಯಂತೆ ಕುಣಿಯುವ ಆ ಹಾಡನ್ನು ನಿಮ್ಮ ಅಕ್ಕ-ಅಣ್ಣಂದಿರಿಗೆ ಹೇಳಿದರೆ ಕುಣಿದೇ ತೋರಿಸುತ್ತಾರೆ. ಬಂದದ್ದು 2012ರಲ್ಲಿ. ಆಗ ವ್ಯೂ ಎಣಿಸಲು ಯೂಟ್ಯೂಬ್ 32 ಮನೆಗಳ ಸಾಲು ಇಟ್ಟಿತ್ತು. ಪ್ರತಿ ಮನೆಯಲ್ಲಿ 0 ಅಥವಾ 1. ಒಂದು ಮನೆ ಧನವೋ ಋಣವೋ ಎಂಬ ಚಿಹ್ನೆಗೆ ಹೋದರೆ ಉಳಿದದ್ದು 31. ಅವೆಲ್ಲ ತುಂಬಿದರೆ ಬರುವ ಅತಿ ದೊಡ್ಡ ಸಂಖ್ಯೆ 214 ಕೋಟಿ 74 ಲಕ್ಷ 83 ಸಾವಿರದ 647. ಒಂದು ವಿಡಿಯೊವನ್ನು ಅಷ್ಟು ಸಲ ಯಾರು ನೋಡುತ್ತಾರೆ ಎಂದು ಯೂಟ್ಯೂಬಿನವರು ಅಂದುಕೊಂಡಿದ್ದರು. 2014ರ ಡಿಸೆಂಬರಿನಲ್ಲಿ ಆ ಹಾಡು ಅದನ್ನೂ ದಾಟಿತು! ಎಂಜಿನಿಯರುಗಳು ಇದು ಬರುವುದನ್ನು ಕೆಲವು ತಿಂಗಳು ಮೊದಲೇ ಕಂಡು ಮನೆಗಳನ್ನು 64ಕ್ಕೆ ಏರಿಸಿದ್ದರು, ಆದ್ದರಿಂದ ಲೆಕ್ಕ ಕೆಡಲಿಲ್ಲ. ಈಗಿನ ಗಡಿ 19 ಅಂಕಿಗಳ ಸಂಖ್ಯೆ. ಇಷ್ಟು ದೊಡ್ಡ ಸಂಖ್ಯೆಯನ್ನು ಕೆಲವು ಪ್ರೋಗ್ರಾಮುಗಳು ಓದುವಾಗ ಕೊನೆಯ ಅಂಕಿಗಳನ್ನು ಕೆಡಿಸುತ್ತವೆ. ಅದಕ್ಕೇ ನಮಗೆ ಬಂದ 1,204 ಕೂಡ ಉದ್ಧರಣ ಚಿಹ್ನೆಯೊಳಗೆ ಬಂದಿತ್ತು, ಬೆಲ್ಲದ ಪೆಂಟಿಗೆ ಕಾಗದ ಸುತ್ತಿ ಕೊಟ್ಟ ಹಾಗೆ.

ರಾತ್ರಿ ಊಟದ ಮೇಲೆ ಹುಡುಗಿಗೆ ಆಸೆ ದೊಡ್ಡದಾಯಿತು. ಒಂದು ವಿಡಿಯೊ ಸಾಲದು, ನಮ್ಮ ಕಡೆಯ ತೆರಬಂಡಿ ವಿಡಿಯೊಗಳನ್ನೆಲ್ಲ ತರಿಸಿ ಯಾವುದಕ್ಕೆ ಸಿಳ್ಳೆ ಹೆಚ್ಚು ನೋಡಬೇಕು. ಇಲ್ಲಿ ಕಿಟಕಿಯ ಇನ್ನೆರಡು ನಿಯಮ ಹೇಳಬೇಕಾಯಿತು. ಒಂದು, ಪಟ್ಟಿ ಕೇಳಿದರೆ ಎಲ್ಲವನ್ನೂ ಒಮ್ಮೆಲೇ ಸುರಿಯುವುದಿಲ್ಲ, ಒಂದು ಸಲಕ್ಕೆ ಹೆಚ್ಚೆಂದರೆ 50. ಜೊತೆಗೆ ಒಂದು ಟೋಕನ್ ಕೊಡುತ್ತದೆ, ಮುಂದಿನದಕ್ಕೆ ಅದನ್ನು ತೋರಿಸಬೇಕು. ಒಂದು ಚಾನೆಲ್ಲಿನಲ್ಲಿ 230 ವಿಡಿಯೊ ಇದ್ದರೆ ಐದು ಚೀಟಿ, ಕೊನೆಯ ಚೀಟಿಗೆ 30. ಇನ್ನೊಂದು, ದಿನಕ್ಕೆ 10,000 ಅಂಕದ ಖರ್ಚು ಮಾತ್ರ. ಗುರುತು ಕೊಟ್ಟು ಕೇಳಿದರೆ ಚೀಟಿಗೆ ಒಂದೇ ಅಂಕ, ಒಂದು ಚೀಟಿಯಲ್ಲಿ 50 ಗುರುತು ಬರೆಯಬಹುದು. ಆದರೆ "ತೆರಬಂಡಿ ಅಂತ ಹುಡುಕಿ ಕೊಡು" ಎಂದರೆ ಒಂದೇ ಚೀಟಿಗೆ 100 ಅಂಕ. ನ್ಯಾಯವೇ. ಇಂಥಾ ನಂಬರಿನ ಲೆಕ್ಕ ಕೊಡು ಎಂದರೆ ಡೇರಿಯವನಿಗೆ ಒಂದು ನಿಮಿಷ. ಯಾರ‍್ಯಾರ ಎಮ್ಮೆಗೆ ಬಿಳಿ ಚುಕ್ಕೆ ಇದೆ ಹುಡುಕಿ ಹೇಳು ಎಂದರೆ ಊರೆಲ್ಲ ಸುತ್ತಬೇಕು.

ಈ ಕಿಟಕಿ-ಚೀಟಿಯ ಆಟವನ್ನು ನೀವು ಕಂಪ್ಯೂಟರ್ ಇಲ್ಲದೆಯೂ ಆಡಬಹುದು. ಮರುದಿನ ಬೆಳಿಗ್ಗೆ ಇವಳು ಗೆಳತಿಯರ ಜೊತೆ ಕಟ್ಟೆಯ ಮೇಲೆ ಆಡಿದಳು. ಒಬ್ಬಳು ಕಿಟಕಿ. ಅವಳ ಹತ್ತಿರ ತರಗತಿಯ ಹತ್ತು ಚಿತ್ರಗಳ ಪಟ್ಟಿ, ಪ್ರತಿ ಚಿತ್ರಕ್ಕೆ ಒಂದು ಗುರುತು, ಎಷ್ಟು ಜನ ಚುಕ್ಕೆ ಇಟ್ಟರು ಎಂಬ ಲೆಕ್ಕ. ಉಳಿದವರು ಚೀಟಿ ಬರೆದು ಕೊಡಬೇಕು. ಗುರುತು ಇಲ್ಲದ ಚೀಟಿಗೆ ಖಾಲಿ ಕಾಗದ. ಕೀ ಇಲ್ಲದ ಚೀಟಿ ತಿರುಗಿ ಬರುತ್ತದೆ. ಒಬ್ಬರಿಗೆ ಹತ್ತೇ ಅಂಕ. ಕಿಟಕಿಯಾದವಳು ಚೀಟಿಯಲ್ಲಿ ಇಲ್ಲದ ಒಂದು ಮಾತನ್ನೂ ಆಡುವಂತಿಲ್ಲ, ನಗುವಂತಿಲ್ಲ. ಆ ಕೊನೆಯ ನಿಯಮವನ್ನು ಅವರಲ್ಲಿ ಯಾರಿಗೂ ಪಾಲಿಸಲು ಆಗಲಿಲ್ಲ.

ಕಿಟಕಿಗಳು ಮುಚ್ಚುವುದೂ ಉಂಟು. ಟ್ವಿಟರ್ 2006ರಲ್ಲಿ ತನ್ನ ಕಿಟಕಿ ತೆರೆದು ಬಹಳ ವರ್ಷ ಪುಕ್ಕಟೆಯಾಗಿ ಮಾಹಿತಿ ಕೊಟ್ಟಿತು. ಭೂಕಂಪ, ಮಳೆ, ಜನರ ಮಾತು ಎಂದು ಎಷ್ಟೋ ಸಂಶೋಧಕರು ಅಲ್ಲಿಂದಲೇ ಕಲಿತರು. 2023ರಲ್ಲಿ ಹೊಸ ಮಾಲೀಕರು ಆ ಪುಕ್ಕಟೆ ದಾರಿ ಮುಚ್ಚಿ ದೊಡ್ಡ ದರ ಇಟ್ಟರು. ಬೆಂಗಳೂರಿನಲ್ಲಿ ಹುಟ್ಟಿ, ಕನ್ನಡದಲ್ಲೇ ಮೊದಲು ಮಾತು ಕಲಿತ, ಟ್ವಿಟರಿನಂಥದೇ ಹಳದಿ ಹಕ್ಕಿಯ ‘ಕೂ’ 2024ರ ಜುಲೈನಲ್ಲಿ ಅಂಗಡಿಯನ್ನೇ ಮುಚ್ಚಿತು. ಅದರಲ್ಲಿ ಎಷ್ಟು ಕನ್ನಡದ ಜೋಕು, ಎಷ್ಟು ಊರ ಸುದ್ದಿ ಇತ್ತು ಎಂದು ಇನ್ನು ಯಾವ ಚೀಟಿಯಿಂದಲೂ ಕೇಳಲಾಗದು. ಕನ್ನಡ ವಿಕಿಪೀಡಿಯದ ಕಿಟಕಿ ಮಾತ್ರ ಈಗಲೂ ಪುಕ್ಕಟೆ. ಯಾವ ಲೇಖನವನ್ನು ಎಷ್ಟು ಸಲ ಓದಿದರು ಎಂಬ ಲೆಕ್ಕ 2015ರ ಜುಲೈನಿಂದ ಈಚಿನದು ಅಲ್ಲಿ ಸಿಗುತ್ತದೆ, ಕೀ ಕೂಡ ಬೇಡ.

ಇರಲಿ, ಆ ರಾತ್ರಿಯ ಕತೆಗೆ ಬರುತ್ತೇನೆ. ಹುಡುಕಾಟದ ಪ್ರೋಗ್ರಾಮು ನಾನೇ ಬರೆದೆ. ನಿದ್ದೆಗಣ್ಣಿನಲ್ಲಿ ‘ಟೋಕನ್ ಮುಗಿದರೆ ನಿಲ್ಲು’ ಎಂಬ ಸಾಲು ಬಿಟ್ಟುಬಿಟ್ಟೆ. ಅದು ಒಂದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುತ್ತ ಹೋಯಿತು. ನೂರು ಹುಡುಕಾಟ, ಒಂದೊಂದಕ್ಕೆ ನೂರು ಅಂಕ. ನಾನು ನೋಡುವಷ್ಟರಲ್ಲಿ ಹತ್ತು ಸಾವಿರವೂ ಖರ್ಚಾಗಿ, ಕಿಟಕಿ 403 ಎಂದು ಹೇಳಿ ಬಾಗಿಲು ಹಾಕಿಕೊಂಡಿತ್ತು.

"ಮತ್ತ ಯಾವಾಗ ತೆರಿತಾರ?"

ಹೊಸ ದಿನ ಶುರುವಾದಾಗ. ಅವಳು ರಾತ್ರಿ ಹನ್ನೆರಡರವರೆಗೆ ಎದ್ದಿರುತ್ತೇನೆ ಎಂದಳು. ಆದರೆ ಈ ಕಿಟಕಿಯ ಹನ್ನೆರಡು ಗಂಟೆ ಅಮೆರಿಕದ ಪಡುವಣ ಕರಾವಳಿಯ ಹನ್ನೆರಡು. ಚಳಿಗಾಲದಲ್ಲಿ ಅವರು ಜಗತ್ತಿನ ಗಡಿಯಾರಕ್ಕಿಂತ 8 ಗಂಟೆ ಹಿಂದೆ, ನಾವು ಐದೂವರೆ ಮುಂದೆ. ಬೆರಳು ಮಡಚಿ ಅವಳೇ ಲೆಕ್ಕ ಹಾಕಿದಳು: ಅವರ ನಡುರಾತ್ರಿ ನಮ್ಮ ಮಧ್ಯಾಹ್ನ ಒಂದೂವರೆ.

ಮರುದಿನ ಭಾನುವಾರ. ಒಂದು ಗಂಟೆಯಿಂದಲೇ ಗೋಡೆ ಗಡಿಯಾರದ ಕೆಳಗೆ ಬಂದು ಕುಳಿತಳು. ಅವ್ವ ಊಟಕ್ಕೆ ಕರೆದರೂ ಏಳಲಿಲ್ಲ. ಒಂದೂವರೆ ದಾಟಿ ಒಂದು ನಿಮಿಷಕ್ಕೆ ಚೀಟಿ ಕಳಿಸಿದೆವು. ಹುಡುಕಾಟ ಬೇಡ, ಒಂದೇ ಗುರುತು, ಒಂದೇ ಅಂಕ. ಡಬ್ಬಿ ತೆರೆದರೆ ನಿನ್ನೆ 1,204 ಇದ್ದದ್ದು 1,209 ಆಗಿತ್ತು.

"ಅದರಾಗ ಮೂರ ನನ್ನವು," ಎಂದು ಮೆಲ್ಲಗೆ ಹೇಳಿ, ತಟ್ಟೆ ತರಲು ಒಳಗೆ ಓಡಿದಳು.